ನಗರಸಭಾ ಸದಸ್ಯರ ವೇತನ: ನಿಗದಿಪಡಿಸುವವರು ಯಾರು, ಜಾರಿ ಎಂದಿನಿಂದ?

ಪ್ರಶ್ನೆ: ಚುನಾಯಿತ ನಗರಸಭಾ ಸದಸ್ಯರು ತಮ್ಮ ಸಂಬಳ ಮತ್ತು ಭತ್ಯೆಯನ್ನು ತಾವೇ ನಿರ್ಣಯ ಮಾಡಿ ಏರಿಸಿಕೊಳ್ಳುವುದು ಬೇಲಿಯೇ ಎದ್ದು ಹೊಲ ಮೇಯ್ದಂತಲ್ಲವೇ? ಇದಕ್ಕೆ ಕಾನೂನಿನಲ್ಲಿ ತಡೆ ಇಲ್ಲವೇ?

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಆದರೆ ಇದು ಸದಸ್ಯರ ದುರಾಸೆಯಿಂದ ಮಾತ್ರ ಹುಟ್ಟಿದ ತೊಡಕಲ್ಲ. ನಗರದ ಆಯವ್ಯಯಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಸಭೆಯದು, ಸದಸ್ಯರ ವೇತನವೂ ಆ ಆಯವ್ಯಯದ ಒಂದು ಬಾಬ್ತು. ಹೀಗಾಗಿ ಬೇರೆ ಏರ್ಪಾಡು ಮಾಡದಿದ್ದರೆ ಪಡೆಯುವವರೇ ಕೊಡುವವರೂ ಆಗಿಬಿಡುತ್ತಾರೆ. ಇದನ್ನು ತಪ್ಪಿಸಲು ಜಗತ್ತಿನಲ್ಲಿ ಮುಖ್ಯವಾಗಿ ಎರಡು ದಾರಿಗಳನ್ನು ಹಿಡಿದಿದ್ದಾರೆ: ನಿರ್ಧರಿಸುವವರನ್ನು ಬದಲಿಸುವುದು, ಇಲ್ಲವೇ ನಿರ್ಧಾರ ಜಾರಿಗೆ ಬರುವ ಕಾಲವನ್ನು ಮುಂದಕ್ಕೆ ತಳ್ಳುವುದು.

ಎರಡನೆಯದು ಹಳೆಯ ಉಪಾಯ. ಅಮೆರಿಕದ ಸಂಸತ್ತಿನ ಸದಸ್ಯರ ವೇತನದಲ್ಲಿ ಮಾಡುವ ಯಾವುದೇ ಬದಲಾವಣೆ ನಡುವೆ ಒಂದು ಚುನಾವಣೆ ಕಳೆಯದೆ ಜಾರಿಯಾಗಬಾರದೆಂಬ ತಿದ್ದುಪಡಿಯನ್ನು ಜೇಮ್ಸ್ ಮ್ಯಾಡಿಸನ್ 1789ರಲ್ಲೇ ಮುಂದಿಟ್ಟಿದ್ದರು. ಅದು ಸಂವಿಧಾನದ 27ನೇ ತಿದ್ದುಪಡಿಯಾಗಿ ಅಂಗೀಕಾರವಾದದ್ದು 1992ರಲ್ಲಿ. ಈ ನಿಯಮ ನಗರಸಭೆಗಳಿಗೆ ನೇರವಾಗಿ ಅನ್ವಯಿಸುವುದಿಲ್ಲವಾದರೂ, ಇದೇ ತತ್ವವನ್ನು ಅಲ್ಲಿನ ಹಲವು ನಗರಗಳು ತಮ್ಮ ನಿಯಮಾವಳಿಯಲ್ಲಿ ಅಳವಡಿಸಿಕೊಂಡಿವೆ. ಏರಿಕೆಗೆ ಕೈ ಎತ್ತಿದವರು ಮತದಾರರ ಮುಂದೆ ನಿಂತು ಗೆದ್ದು ಬಂದರಷ್ಟೇ ಅದರ ಫಲ ಅವರಿಗೆ ದೊರೆಯುತ್ತದೆ. ಇದಕ್ಕೆ ಆಯೋಗ ಬೇಡ, ಖರ್ಚಿಲ್ಲ, ಒಂದು ಸಾಲಿನ ನಿಯಮ ಸಾಕು. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ.

ಮೊದಲನೆಯ ದಾರಿಯಲ್ಲಿ ಬಿಗಿಯ ಅಂತರಗಳಿವೆ. ಇಂಗ್ಲೆಂಡಿನಲ್ಲಿ 2003ರ ನಿಯಮಗಳ ಪ್ರಕಾರ ಕನಿಷ್ಠ ಮೂವರಿರುವ ಸ್ವತಂತ್ರ ಸಮಿತಿಯೊಂದು ಶಿಫಾರಸು ಮಾಡುತ್ತದೆ. ಸಭೆ ಅದನ್ನು ಪರಿಗಣಿಸಲೇಬೇಕು, ಪಾಲಿಸಲೇಬೇಕೆಂದಿಲ್ಲ. ವೇಲ್ಸ್‌ನಲ್ಲಿ ಸ್ವತಂತ್ರ ಸಂಸ್ಥೆಯ ನಿರ್ಧಾರಕ್ಕೆ ಸ್ಥಳೀಯ ಸಭೆಗಳು ಬದ್ಧವಾಗಿರುತ್ತವೆ. ನ್ಯೂಜಿಲೆಂಡಿನಲ್ಲಿ ವೇತನ ಪ್ರಾಧಿಕಾರವೇ ಸ್ಥಳೀಯ ಸಂಸ್ಥೆಗಳ ಚುನಾಯಿತರ ವೇತನವನ್ನು ಗೊತ್ತುಮಾಡುತ್ತದೆ. ಶಿಫಾರಸನ್ನು ಮೀರಬಹುದಾದ ಕಡೆಗಳಲ್ಲೂ ಒಂದು ಲಾಭವಿದೆ: ತಜ್ಞರು ಹೇಳಿದ ಮೊತ್ತ ಲಿಖಿತವಾಗಿ ಎದುರಿಗಿರುವುದರಿಂದ, ಅದಕ್ಕಿಂತ ಹೆಚ್ಚು ಪಡೆಯುವವರು ಕಾರಣ ಹೇಳಬೇಕಾಗುತ್ತದೆ.

ಸ್ವತಂತ್ರ ಸಮಿತಿ ಬೇಕಾಗಿರುವುದು ಸದಸ್ಯರ ಆಸೆಗೆ ಕಡಿವಾಣ ಹಾಕಲು ಮಾತ್ರವಲ್ಲ, ಅವರ ಅಂಜಿಕೆಗೆ ಮದ್ದಾಗಿಯೂ ಹೌದು. ಪತ್ರಿಕೆಗಳ ಟೀಕೆಗೆ ಹೆದರಿ ವರ್ಷಗಟ್ಟಲೆ ವೇತನವನ್ನು ಮುಟ್ಟದೆ ಬಿಡುವ ಸಭೆಗಳೂ ಇವೆ. ಬೆಲೆಗಳು ವರ್ಷಕ್ಕೆ ಶೇಕಡ 5ರಂತೆ ಏರಿದರೆ ಹತ್ತು ವರ್ಷಗಳಲ್ಲಿ ಒಟ್ಟು ಏರಿಕೆ ಸುಮಾರು ಶೇಕಡ 63 ಆಗುತ್ತದೆ. ಹತ್ತು ವರ್ಷ ಸುಮ್ಮನಿದ್ದ ಸಭೆ ಒಂದು ದಿನ ಶೇಕಡ 60ರಷ್ಟು ಏರಿಸಿದಾಗ ಊರೆಲ್ಲ ಗುಲ್ಲೇಳುತ್ತದೆ. ಲೆಕ್ಕ ಹಾಕಿ ನೋಡಿದರೆ ಹಳೆಯ ವೇತನದ ನಿಜಬೆಲೆಯೂ ಪೂರ್ತಿಯಾಗಿ ಮರಳಿರುವುದಿಲ್ಲ.

ಪ್ರಶ್ನೆ: ಜನಸೇವೆಗೆ ಸಂಬಳವೇಕೆ? ವೇತನವನ್ನೇ ಪಡೆಯದೆ ದುಡಿಯುವ ಸದಸ್ಯರಿದ್ದರೆ ಒಳ್ಳೆಯದಲ್ಲವೇ?

ಉತ್ತರ: ಒಬ್ಬ ಸದಸ್ಯ ತನ್ನ ವೇತನವನ್ನು ಬಿಟ್ಟುಕೊಟ್ಟರೆ ಅದು ಅವನ ಉದಾರತೆ. ಅದನ್ನೇ ಎಲ್ಲರಿಗೂ ನಿಯಮ ಮಾಡಿದರೆ ದಿನಗೂಲಿಯವರು, ಗುಮಾಸ್ತರು, ಚಿಕ್ಕ ಮಕ್ಕಳಿರುವ ತಾಯಂದಿರು ಸ್ಪರ್ಧೆಯಿಂದಲೇ ಹೊರಗುಳಿಯುತ್ತಾರೆ, ಸಭೆಯಲ್ಲಿ ಆಸ್ತಿವಂತರೂ ನಿವೃತ್ತರೂ ಉಳಿಯುತ್ತಾರೆ. ಪ್ರಾಚೀನ ಅಥೆನ್ಸಿನಲ್ಲಿ ಪೆರಿಕ್ಲಿಸ್ ನ್ಯಾಯಸಭೆಯ ಸದಸ್ಯರಿಗೆ ದಿನಭತ್ಯೆಯನ್ನು ಆರಂಭಿಸಿದ್ದು ಬಡ ಪ್ರಜೆಗಳೂ ಬಂದು ಕೂರಲೆಂದು, ಕ್ರಿ.ಪೂ. 411ರಲ್ಲಿ ಸಿರಿವಂತರ ಕೂಟವೊಂದು ಅಧಿಕಾರ ಹಿಡಿದಾಗ ಮೊದಲು ಕೈಹಾಕಿದ ಕೆಲಸಗಳಲ್ಲಿ ಇಂಥ ಭತ್ಯೆಗಳ ರದ್ದತಿಯೂ ಒಂದು. ಬ್ರಿಟನ್ನಿನ ಚಾರ್ಟಿಸ್ಟ್ ಚಳವಳಿಗಾರರು 1838ರಲ್ಲಿ ಮುಂದಿಟ್ಟ ಆರು ಬೇಡಿಕೆಗಳಲ್ಲಿ ಸಂಸತ್ ಸದಸ್ಯರಿಗೆ ವೇತನ ಕೊಡಬೇಕೆಂಬುದೂ ಸೇರಿತ್ತು, ಅದು ಈಡೇರಿದ್ದು 1911ರಲ್ಲಿ. ಈ ಬೇಡಿಕೆ ಬಂದದ್ದು ಕಾರ್ಮಿಕರಿಂದ ಎಂಬುದನ್ನು, ‘ಸೇವೆಗೆ ಸಂಬಳವೇಕೆ’ ಎನ್ನುವವರು ಗಮನಿಸಬೇಕು.

ಪ್ರಶ್ನೆ: ವೇತನ ಕಡಿಮೆ ಎನ್ನುತ್ತಲೇ ಸಭಾಭತ್ಯೆ, ಪ್ರಯಾಣ ಭತ್ಯೆ, ವಿಮೆ, ಪಿಂಚಣಿ ಎಂದು ಹಲವು ಹೆಸರುಗಳಲ್ಲಿ ಹಣ ಹೋಗುತ್ತದೆ. ಇವುಗಳಲ್ಲಿ ಯಾವುದು ಯೋಗ್ಯ, ಯಾವುದು ಅಲ್ಲ?

ಉತ್ತರ: ಎಲ್ಲರ ಕಣ್ಣು ವೇತನದ ಮೇಲಿರುವುದರಿಂದ ಅದರಲ್ಲಿ ದೊಡ್ಡ ಅನ್ಯಾಯ ನಡೆಯುವುದು ಅಪರೂಪ, ನಡೆದರೆ ಸಾಮಾನ್ಯವಾಗಿ ನೀವು ಹೇಳಿದ ಈ ಹೆಸರುಗಳ ಮರೆಯಲ್ಲಿ ನಡೆಯುತ್ತದೆ.

ಕ್ಯಾಲಿಫೋರ್ನಿಯಾದ ಬೆಲ್ ಎಂಬ ಪುಟ್ಟ ನಗರದ ಪ್ರಕರಣವನ್ನು ನೋಡಿ. ಸುಮಾರು 35 ಸಾವಿರ ಜನರಿರುವ, ಕಾರ್ಮಿಕ ಕುಟುಂಬಗಳೇ ಹೆಚ್ಚಾಗಿರುವ ಊರು ಅದು. ಅಷ್ಟು ದೊಡ್ಡ ಊರಿನ ಸದಸ್ಯರಿಗೆ ರಾಜ್ಯದ ಕಾನೂನು ಅನುಮತಿಸುತ್ತಿದ್ದದ್ದು ತಿಂಗಳಿಗೆ ಕೆಲವೇ ನೂರು ಡಾಲರ್. 2005ರಲ್ಲಿ ಅಲ್ಲಿ ವಿಶೇಷ ಮತದಾನವೊಂದನ್ನು ನಡೆಸಿ ಊರಿಗೆ ಸ್ವಂತ ಸನ್ನದನ್ನು, ಅಂದರೆ ತನ್ನದೇ ಆಡಳಿತ ನಿಯಮಾವಳಿಯನ್ನು, ಪಡೆದು ಆ ಮಿತಿಯಿಂದ ಬಿಡಿಸಿಕೊಳ್ಳಲಾಯಿತು. ಮತ ಹಾಕಲು ಬಂದವರು 400ಕ್ಕಿಂತ ಕಡಿಮೆ. 2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ವರದಿ ಮಾಡುವ ಹೊತ್ತಿಗೆ ಐವರು ಸದಸ್ಯರಲ್ಲಿ ನಾಲ್ವರು ಅರೆಕಾಲಿಕ ಕೆಲಸಕ್ಕೆ ವರ್ಷಕ್ಕೆ ಲಕ್ಷ ಡಾಲರಿಗೆ ಸಮೀಪದ ಮೊತ್ತ ಪಡೆಯುತ್ತಿದ್ದರು, ಐದನೆಯವರಿಗೆ ಸಿಗುತ್ತಿದ್ದದ್ದು ಸುಮಾರು 8 ಸಾವಿರ. ಅಷ್ಟು ಹಣವನ್ನು ಕೂಡಿಸಿದ ರೀತಿ ಹೀಗಿತ್ತು: ನಗರಸಭೆಯ ಅಡಿಯಲ್ಲಿ ಹಲವು ಮಂಡಳಿ, ಪ್ರಾಧಿಕಾರಗಳಿದ್ದವು, ಅವುಗಳಿಗೂ ಇದೇ ಸದಸ್ಯರೇ ಸದಸ್ಯರು, ಪ್ರತಿಯೊಂದರಿಂದಲೂ ಬೇರೆಯಾಗಿ ಹಣ ಬರುತ್ತಿತ್ತು, ಕೆಲವು ಮಂಡಳಿಗಳ ಸಭೆ ನಿಮಿಷಗಳಲ್ಲಿ ಮುಗಿಯುತ್ತಿತ್ತು ಅಥವಾ ಸೇರುತ್ತಲೇ ಇರಲಿಲ್ಲ. ಅದಕ್ಕೂ ಹಿಂದೆ ಸದಸ್ಯರಾಗಿದ್ದವರೂ ಸೇರಿ ಐವರು ಮಾಜಿ ಸದಸ್ಯರ ಮೇಲಿನ ಆರೋಪಗಳಲ್ಲಿ ಕೆಲವು 2013ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾದವು.

ಹಾಗಾಗಿ ಸಭೆಗೆ ಇಷ್ಟೆಂದು ಹಣ ಕೊಡುವ ಪದ್ಧತಿ ಮೇಲ್ನೋಟಕ್ಕೆ ನ್ಯಾಯವಾಗಿ ಕಂಡರೂ ನನಗೆ ಅದರ ಬಗ್ಗೆ ಅನುಮಾನವಿದೆ. ಹಣ ಸಭೆಗಳ ಸಂಖ್ಯೆಯನ್ನು ಹಿಂಬಾಲಿಸುವುದಾದರೆ ಒಂದೇ ದಿನ ಮುಗಿಯಬಹುದಾದ ಚರ್ಚೆ ಮೂರು ದಿನಗಳಿಗೆ ಹರಡುವುದರಲ್ಲಿ ಆಶ್ಚರ್ಯವಿಲ್ಲ. ಒಂದೇ ನಿಗದಿತ ವೇತನವಿಟ್ಟು, ಕಾರಣವಿಲ್ಲದ ಗೈರುಹಾಜರಿಗೆ ಕಡಿತ ಮಾಡುವುದು ಮೇಲು.

ಸ್ಥಾಯಿ ಸಮಿತಿಗಳ ಅಧ್ಯಕ್ಷರಿಗೆ ಕೊಡುವ ಹೆಚ್ಚುವರಿ ಭತ್ಯೆಯಲ್ಲೂ ಅಪಾಯವಿದೆ. ಕೆಲಸ ಹೆಚ್ಚಿದ್ದವರಿಗೆ ಹೆಚ್ಚು ಕೊಡುವುದು ಸರಿ. ಆದರೆ ಆ ಸ್ಥಾನಗಳನ್ನು ಹಂಚುವ ಅಧಿಕಾರ ಸಭೆಯ ನಾಯಕರ ಕೈಯಲ್ಲಿದ್ದರೆ ಭತ್ಯೆಯು ನಿಷ್ಠೆಗೆ ಕೊಡುವ ಬಹುಮಾನವಾಗುತ್ತದೆ. ನ್ಯೂಯಾರ್ಕ್ ನಗರ 2016ರಲ್ಲಿ ಈ ಭತ್ಯೆಗಳನ್ನೇ ತೆಗೆದುಹಾಕಿತು, ಹೊರಗಿನ ಸಂಪಾದನೆಗೂ ಬಹುಮಟ್ಟಿಗೆ ನಿಷೇಧ ಹೇರಿತು, ಪ್ರತಿಯಾಗಿ ವಾರ್ಷಿಕ ವೇತನವನ್ನು 1,12,500 ಡಾಲರಿನಿಂದ 1,48,500 ಡಾಲರಿಗೆ ಏರಿಸಿತು. ಸಲಹಾ ಆಯೋಗ ಸೂಚಿಸಿದ್ದು 1,38,315 ಡಾಲರ್ ಮಾತ್ರ. ಆಯೋಗದ ಮಾತನ್ನು ಮೀರಿದ್ದು ನನಗೆ ಒಪ್ಪಿಗೆಯಿಲ್ಲ, ಆದರೆ ನಾಲ್ಕು ಕಡೆ ಚದುರಿದ್ದ ಹಣವನ್ನು ಎಲ್ಲರಿಗೂ ಕಾಣುವ ಒಂದೇ ಅಂಕಿಯಾಗಿ ಮಾಡಿದ್ದು ಒಳ್ಳೆಯ ಕೆಲಸ.

ಖರ್ಚಿನ ಮರುಪಾವತಿಯನ್ನು ವೇತನದಿಂದ ಬೇರೆಯಾಗಿ ನೋಡಬೇಕು. ವಾರ್ಡಿನ ಕಚೇರಿ, ಸಹಾಯಕರು, ದೂರವಾಣಿ, ಅಧಿಕೃತ ಪ್ರಯಾಣ ಇವು ಕೆಲಸದ ಸಲಕರಣೆಗಳು, ಸದಸ್ಯರ ಆದಾಯವಲ್ಲ. ಬಿಲ್ಲು ತೋರಿಸಿದರೆ ಅವನ್ನು ಧಾರಾಳವಾಗಿ ಕೊಡಬಹುದು. ಬಿಲ್ಲಿಲ್ಲದೆ ಪ್ರತಿ ತಿಂಗಳೂ ಬರುವ ‘ಪ್ರಯಾಣ ಭತ್ಯೆ’ ಮಾತ್ರ ಬೇರೆ ಹೆಸರಿನ ಸಂಬಳವೇ ಸರಿ. ಸಭೆಗೆ ಬರುವಾಗ ಮಗುವನ್ನೋ ಹಾಸಿಗೆ ಹಿಡಿದ ತಂದೆತಾಯಿಯನ್ನೋ ನೋಡಿಕೊಳ್ಳಲು ಆಗುವ ವೆಚ್ಚವನ್ನು ಭರಿಸಲು ಇಂಗ್ಲೆಂಡಿನ ನಿಯಮಗಳು ಅವಕಾಶ ಕೊಟ್ಟಿವೆ. ಚಿಕ್ಕ ಮೊತ್ತವಾದರೂ ಇಂಥದ್ದರಿಂದ ಸಭೆಗೆ ಬರುವವರೇ ಬದಲಾಗಬಹುದು.

ಪಿಂಚಣಿಯ ವಿಷಯದಲ್ಲಿ ನಾನು ಕಟ್ಟುನಿಟ್ಟಿನವನು. ಇಂದಿನ ಸಭೆ ಒಪ್ಪಿಗೆ ಕೊಟ್ಟ ಪಿಂಚಣಿಯ ಭಾರ ಬೀಳುವುದು ಮೂವತ್ತು ವರ್ಷಗಳ ನಂತರದ ತೆರಿಗೆದಾರರ ಮೇಲೆ, ಅವರಿಗೆ ಈ ಸಭೆಯಲ್ಲಿ ಮತವಿಲ್ಲ. ಸದಸ್ಯತ್ವವೇ ಪೂರ್ಣಾವಧಿ ಉದ್ಯೋಗವಾಗಿರುವ ಮಹಾನಗರಗಳಲ್ಲಿ, ಸದಸ್ಯರೂ ವಂತಿಗೆ ಕಟ್ಟುವ ನಿಧಿ ಇರಲಿ; ಅರೆಕಾಲಿಕ ಸದಸ್ಯರಿಗೆ ಒಂದು ಅವಧಿ ಮುಗಿಸಿದ ಮಾತ್ರಕ್ಕೆ ಜೀವಮಾನದ ಪಿಂಚಣಿ ಎನ್ನುವುದಕ್ಕೆ ಸಮರ್ಥನೆ ಕಾಣುವುದಿಲ್ಲ. ಇಂಗ್ಲೆಂಡಿನಲ್ಲಿ 2014ರಿಂದ ಸ್ಥಳೀಯ ಸರ್ಕಾರದ ಪಿಂಚಣಿ ಯೋಜನೆಗೆ ಸದಸ್ಯರ ಸೇರ್ಪಡೆಯನ್ನು ನಿಲ್ಲಿಸಲಾಯಿತು.

ಪ್ರಶ್ನೆ: ಪ್ರತಿ ಸಲ ಚರ್ಚೆಯೇ ಬೇಡವೆಂದು ವೇತನವನ್ನು ಬೇರೊಂದು ವೇತನಕ್ಕೆ ಜೋಡಿಸಿಬಿಟ್ಟರೆ ಆಗದೇ?

ಉತ್ತರ: ಆಗುತ್ತದೆ. ಲಾಸ್ ಏಂಜಲೀಸಿನಲ್ಲಿ ಸದಸ್ಯರ ವೇತನ ರಾಜ್ಯದ ನ್ಯಾಯಾಧೀಶರ ವೇತನಕ್ಕೆ ಜೋಡಣೆಯಾಗಿದೆ. ಜೋಡಿಸುವುದಾದರೆ ಸಭೆಯ ಕೈಗೆ ಸಿಗದ ಅಳತೆಗೇ ಜೋಡಿಸಬೇಕು. ನಗರಸಭೆಯ ನೌಕರರ ವೇತನಕ್ಕೆ ಜೋಡಿಸಿದರೆ, ನೌಕರರಿಗೆ ಏರಿಕೆ ಕೊಡುವ ಪ್ರತಿ ನಿರ್ಣಯವೂ ಸದಸ್ಯರಿಗೆ ಲಾಭ ತರುತ್ತದೆ. ಆಗ ನೌಕರರೊಡನೆ ಚೌಕಾಶಿಗೆ ಕೂರುವವರು ಯಾರ ಪರ ಎಂಬ ಪ್ರಶ್ನೆ ಏಳುತ್ತದೆ. ಜೋಡಿಸುವ ಮೊದಲು ಆರಂಭದ ಮೊತ್ತ ಸರಿಯಿದೆಯೇ ಎಂದೂ ನೋಡಬೇಕು, ಏಕೆಂದರೆ ತಪ್ಪಾದ ಮೊತ್ತವನ್ನು ಜೋಡಣೆಯು ಸರಿಪಡಿಸುವುದಿಲ್ಲ, ಕಾಯಂ ಮಾಡುತ್ತದೆ.

ಪ್ರಶ್ನೆ: ಅರ್ಧ ಸದಸ್ಯರು ಒಮ್ಮೆ, ಉಳಿದರ್ಧ ಎರಡು ವರ್ಷಗಳ ನಂತರ ಆಯ್ಕೆಯಾಗುವ ಸಭೆಗಳಲ್ಲಿ ‘ಮುಂದಿನ ಚುನಾವಣೆಯ ನಂತರ’ ಎಂಬ ನಿಯಮವನ್ನು ಹೇಗೆ ಅನ್ವಯಿಸುವುದು?

ಉತ್ತರ: ಗೆದ್ದು ಬಂದವರಿಗೆ ಮಾತ್ರ ಹೊಸ ವೇತನ ಕೊಟ್ಟರೆ ಒಂದೇ ಕೆಲಸಕ್ಕೆ ಎರಡು ವರ್ಷಗಳ ಕಾಲ ಎರಡು ದರಗಳಿರುತ್ತವೆ. ಕ್ಯಾಲಿಫೋರ್ನಿಯಾದ ಕಾನೂನು ಇದನ್ನು ತಪ್ಪಿಸಲು, ಕೆಲವು ಸದಸ್ಯರ ಹೊಸ ಅವಧಿ ಆರಂಭವಾದೊಡನೆ ಎಲ್ಲರಿಗೂ ಒಂದೇ ದರವನ್ನು ಅನ್ವಯಿಸಲು ಬಿಡುತ್ತದೆ. ಇದರಿಂದ ಅರ್ಧದಷ್ಟು ಸದಸ್ಯರು ಮತದಾರರನ್ನು ಎದುರಿಸದೆಯೇ ಏರಿಕೆ ಪಡೆಯುತ್ತಾರೆಂಬುದು ನಿಜ. ಅದು ಬೇಡವೆನ್ನುವ ಸಭೆಗಳು ಜಾರಿಯ ದಿನವನ್ನು ಎರಡನೆಯ ಚುನಾವಣೆಯ ನಂತರಕ್ಕೆ ಇಟ್ಟುಕೊಳ್ಳಬೇಕು.