ಆಪ್ತಸಲಹೆ ಪ್ರಕರಣ: ‘ನಾನು ಅವರನ್ನ ಏನೂ ಕೇಳಿಲ್ಲ ಮೇಡಂ’

ಜಪಾನಿಗೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಹೋದ ಮಕ್ಕಳ ಅಪ್ಪ-ಅಮ್ಮಂದಿರ ಫೋನು ಹೆಚ್ಚಾಗಿ ಒಂದೇ ಮಾತಿನಿಂದ ಶುರುವಾಗುತ್ತದೆ. "ಮನೆ ಬದಲಾಯಿಸಬೇಕು ಮೇಡಂ, ಏನು ಮಾಡೋದು ಹೇಳಿ." ಮನೆ ಅಂದರೆ ಅಲ್ಲಿನ ಹೋಸ್ಟ್ ಫ್ಯಾಮಿಲಿ, ಮಕ್ಕಳನ್ನು ತಮ್ಮ ಮನೆಯಲ್ಲಿ ಇರಿಸಿಕೊಳ್ಳುವ ಕುಟುಂಬ. ಮಕ್ಕಳು ಹೋಗಿ ಎರಡು-ಮೂರು ತಿಂಗಳಾಗಿರುತ್ತದೆ. ಮೊದಮೊದಲಿನ ಫೋಟೊ, ಕಿಮೊನೊ, ಬುಲೆಟ್ ಟ್ರೈನು ಎಲ್ಲ ಮುಗಿದಿರುತ್ತದೆ. ಈ ಪ್ರಕರಣ ಬರೆಯುತ್ತಿರುವುದು ಇದರಲ್ಲಿ ಏನೋ ವಿಶೇಷ ಇದೆ ಅಂತ ಅಲ್ಲ. ಇದೇ ಕಥೆ ಮತ್ತೆ ಮತ್ತೆ ಬರುತ್ತಿದೆ ಅಂತ. ಜೊತೆಗೆ, ನಾನು ಕೊಟ್ಟ ಸಲಹೆಯನ್ನು ಹುಡುಗಿಯ ತಾಯಿ ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಯಾಕೆ ಹಾಗೆ ಹೇಳಿದೆ ಅಂತ ಒಂದು ಸಲ ಬಿಡಿಸಿ ಬರೆಯಬೇಕು ಅನ್ನಿಸಿತು.

ತಾಯಿ, ಮಗಳು ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮಲೆನಾಡಿನ ಹುಡುಗಿ, ಹದಿನಾರು ದಾಟಿದೆ. ಮನೆಯಲ್ಲಿ ಮೊಟ್ಟೆಯೂ ಇಲ್ಲ. ಆಗಸ್ಟ್‌ನಲ್ಲಿ ಹೋದಳು. ಜಪಾನ್ ಸಮುದ್ರದ ಕಡೆ, ನೀಗಾತದಂಥ ಹಿಮದ ಸೀಮೆಯಲ್ಲಿ ಒಂದು ಸಣ್ಣ ಊರು. ಆ ಮನೆಯಲ್ಲಿ ಗಂಡ-ಹೆಂಡತಿ, ಒಬ್ಬ ಅಜ್ಜಿ, ಮಿಡ್ಲ್ ಸ್ಕೂಲಿಗೆ ಹೋಗುವ ಒಬ್ಬ ಹುಡುಗ. ತಾಯಿ ನನಗೆ ಫೋನ್ ಮಾಡಿದ್ದು ನವೆಂಬರ್ ಕೊನೆಯಲ್ಲಿ. ದೂರು ದೊಡ್ಡದಿತ್ತು. ಮಗಳಿಗೆ ಎಲ್ಲರ ಸ್ನಾನ ಆದ ಮೇಲೆ ಕೊನೆಗೆ ಸ್ನಾನ ಮಾಡಲು ಬಿಡುತ್ತಾರಂತೆ. ಪಾತ್ರೆ ತೊಳೆಯಬೇಕಂತೆ. ಊಟಕ್ಕೆ ಬರೀ ಅನ್ನ, ಬಾಳೆಹಣ್ಣು, ಅಂಗಡಿಯ ಬ್ರೆಡ್ಡು. ಈಗ ಫೋನಿನಲ್ಲಿ ಮಾತಾಡುವುದೂ ಬೇಡ ಅಂದಿದ್ದಾರಂತೆ. "ಇಷ್ಟು ಲಕ್ಷ ಕಟ್ಟಿ ಮಗಳನ್ನ ಕೆಲಸದವಳ ಥರ ಇರಿಸೋಕೆ ಕಳಿಸಿದ್ದಾ ನಾವು?"

ಸಂಕಟ ನಿಜ. ಆದರೆ ದುಡ್ಡಿನ ಮಾತು ಬಂದಾಗಲೆಲ್ಲ ನಾನೊಂದು ವಿಷಯ ಹೇಳಲೇಬೇಕಾಗುತ್ತದೆ. ಎಎಫ್‌ಎಸ್, ರೋಟರಿ ಥರದ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಗಳಲ್ಲಿ ಹೋಸ್ಟ್ ಮನೆಯವರಿಗೆ ಸಂಬಳ ಇಲ್ಲ. ಭಾಷಾ ಶಾಲೆಗಳ ಹೋಮ್‌ಸ್ಟೇಯಲ್ಲಿ ದುಡ್ಡು ಕೊಡುವುದುಂಟು, ಅದು ಬೇರೆ ಲೆಕ್ಕ. ಇಲ್ಲಿ ನೀವು ಕಟ್ಟಿದ ಹಣ ವಿಮಾನ, ವಿಮೆ, ಸಂಸ್ಥೆಯ ಖರ್ಚು ಅಂತ ಹೋಗುತ್ತದೆ. ಆ ಮನೆಯ ಹೆಂಗಸು ತನ್ನ ಕೈಯಿಂದಲೇ ಅಕ್ಕಿ ಹಾಕಿ ನಿಮ್ಮ ಮಗಳಿಗೆ ಅನ್ನ ಮಾಡುತ್ತಾಳೆ. ಇದನ್ನು ಹೇಳಿದರೆ ತುಂಬಾ ತಂದೆತಾಯಿಗೆ ಸಿಟ್ಟು ಬರುತ್ತದೆ. ಬರಲಿ. ಗೊತ್ತಿರುವುದು ಒಳ್ಳೆಯದು.

ಹುಡುಗಿಯ ಜೊತೆ ಮಾತಾಡುವಾಗ ಮೊದಲು ಕೇಳಬೇಕಾದ್ದನ್ನು ಮೊದಲು ಕೇಳಿದೆ. ಯಾರಾದರೂ ಮೈ ಮುಟ್ಟಿದ್ದಾರಾ? ಕೂಗಾಡುತ್ತಾರಾ? ನಿನ್ನ ಕೋಣೆಗೆ ಹೇಳದೆ ಕೇಳದೆ ಬರುತ್ತಾರಾ? ಹಸಿದು ಮಲಗಿಸಿದ್ದಾರಾ? ಪಾಸ್‌ಪೋರ್ಟು, ರೆಸಿಡೆನ್ಸ್ ಕಾರ್ಡು ಯಾರ ಹತ್ತಿರ ಇದೆ? ಸಂಸ್ಥೆಯ ಅಲ್ಲಿನ ಲೋಕಲ್ ಕೋಆರ್ಡಿನೇಟರ್ ಫೋನ್ ಮಾಡಿದರೆ ಸಿಗುತ್ತಾರಾ? ಇದರಲ್ಲಿ ಒಂದಕ್ಕೆ ತಪ್ಪು ಉತ್ತರ ಬಂದಿದ್ದರೂ ಅವತ್ತೇ ಮನೆ ಬಿಡಿಸಿ ಅನ್ನುತ್ತಿದ್ದೆ, ಹಾಗೆ ಬಿಡಿಸಿದ್ದೂ ಇದೆ. ಇವಳ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಪಾತ್ರೆ ಅಂದರೆ ತಾನು ಉಂಡ ಬಟ್ಟಲು, ಆ ಮನೆಯ ಹುಡುಗನೂ ತೊಳೆಯುತ್ತಾನೆ.

ಮುಂದಿನ ಸಲ ವಿಡಿಯೊ ಕಾಲ್‌ನಲ್ಲಿ ಕೂತಾಗ ಅವಳ ಮೈಮೇಲೆ ದಪ್ಪ ಜಾಕೆಟ್ಟು, ಕುತ್ತಿಗೆಗೆ ಮಫ್ಲರು. ಅವಳು ಇದ್ದದ್ದು ತನ್ನ ಕೋಣೆಯಲ್ಲೇ. "ಹೇಗಿದ್ದೀಯ" ಅಂತ ಕೇಳಿದರೆ ಮಕ್ಕಳು ಏನೂ ಹೇಳುವುದಿಲ್ಲ. ಅದಕ್ಕೇ ನಾನು ಒಂದು ಸಂಜೆಯನ್ನು ಪೂರ್ತಿ ಹೇಳಿಸುತ್ತೇನೆ. "ನಿನ್ನೆ ಶಾಲೆಯಿಂದ ಬಂದ್ಯಲ್ಲ, ಬಾಗಿಲು ತೆಗೆದಲ್ಲಿಂದ ಶುರು ಮಾಡು."

ಶುರು ಮಾಡಿದಳು. ಶೂ ಬಿಚ್ಚಿ, ಮೂತಿ ಹೊರಗೆ ಮಾಡಿ ಇಟ್ಟೆ. ‘ತದಾಯ್ಮಾ’, ಅಂದರೆ ‘ಬಂದೆ’, ಅಂದೆ, ಮೆಲ್ಲಗೆ, ಅಜ್ಜಿ ಮಲಗಿದ್ದರೆ ಎಚ್ಚರ ಆಗಬಾರದಲ್ಲ. ನೇರ ಮೇಲೆ ಕೋಣೆಗೆ ಹೋದೆ. ಊಟಕ್ಕೆ ಕರೆದರು. ಅನ್ನ, ತೋಫು ತಿಂದೆ, ಸೂಪು ಬೇಡ ಅಂದೆ. ಬಟ್ಟಲು ತೊಳೆದಿಟ್ಟು ಮೇಲೆ ಬಂದೆ. ಎಲ್ಲರದ್ದೂ ಆದ ಮೇಲೆ ಸ್ನಾನ. ಆಮೇಲೆ ಅಮ್ಮನ ಫೋನಿಗೆ ಕಾಯುತ್ತಾ ಕೂತೆ.

"ಜಾಕೆಟ್ ಯಾಕೆ? ಹೀಟರ್ ಇಲ್ವಾ?"

"ಇದೆ. ಸೀಮೆಎಣ್ಣೆದು. ನಾನು ಹಚ್ಚಲ್ಲ. ಅವರಿಗೆ ಖರ್ಚಲ್ವಾ ಮೇಡಂ?"

ಅಲ್ಲಿನ ಎಷ್ಟೋ ಮನೆಗಳಲ್ಲಿ ಮನೆಯೆಲ್ಲ ಬೆಚ್ಚಗಿಡುವ ವ್ಯವಸ್ಥೆ ಇರುವುದಿಲ್ಲ. ಕೂರುವ ಕೋಣೆಯಲ್ಲಿ ಮಾತ್ರ ಒಲೆ, ಅಥವಾ ಕೊತಾತ್ಸು. ಅದೊಂದು ತಗ್ಗು ಮೇಜು, ಅಡಿಯಲ್ಲಿ ಹೀಟರು, ಮೇಲೆ ದುಪ್ಪಟಿ. ಚಳಿಗಾಲದಲ್ಲಿ ಎಲ್ಲರೂ ಅದರೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ, ಟಿವಿ ನೋಡುತ್ತಾರೆ, ಕಿತ್ತಳೆ ಸುಲಿಯುತ್ತಾರೆ, ಸುಮ್ನೆ ಹರಟುತ್ತಾರೆ. ಈ ಹುಡುಗಿ ಅದೇ ಹೊತ್ತಿನಲ್ಲಿ ಮೇಲೆ ಒಬ್ಬಳೇ ಜಾಕೆಟ್ ಹಾಕಿಕೊಂಡು ಕೂತಿರುತ್ತಿದ್ದಳು.

ಊಟದ ವಿಷಯ ಕೆದಕಿದೆ. ಸೂಪು ಯಾಕೆ ಬೇಡ ಅಂತ ಗೊತ್ತೇ ಇತ್ತು. ಮಿಸೊ ಸೂಪಿಗೆ ದಾಶಿ ಅಂತ ಒಂದು ಕಟ್ಟು ಹಾಕುತ್ತಾರೆ, ಅದನ್ನು ಸಾಮಾನ್ಯವಾಗಿ ಒಣಗಿಸಿ ಹೊಗೆ ಹಾಕಿದ ಮೀನನ್ನು ಹೆರೆದು ಮಾಡುತ್ತಾರೆ. ಆದರೆ ಬ್ರೆಡ್ಡು, ಬಾಳೆಹಣ್ಣಿಗೆ ಇಳಿದದ್ದು ಯಾವಾಗ? ಆಗ ಹೊರಬಂತು. ಅಕ್ಟೋಬರ್‌ನಲ್ಲಿ ಒಂದು ದಿನ ಹೋಸ್ಟ್ ತಾಯಿ ಇವಳಿಗೋಸ್ಕರ ಬರೀ ತರಕಾರಿ ಹಾಕಿ ಕರಿ ಮಾಡಿದ್ದರಂತೆ. ಇವಳು ಎರಡು ಸಲ ಹಾಕಿಸಿಕೊಂಡು ತಿಂದಳಂತೆ. ಆಮೇಲೆ ಕಸ ವಿಂಗಡಿಸುವಾಗ ಆ ಕರಿಗೆ ಹಾಕಿದ ‘ರೂ’, ಅಂದರೆ ರೆಡಿಮೇಡ್ ಮಸಾಲೆ ಗಟ್ಟಿಯ ಡಬ್ಬಿ ಕಣ್ಣಿಗೆ ಬಿತ್ತು. ಮೊಬೈಲಿನಲ್ಲಿ ಲೇಬಲ್ ಅನುವಾದ ಮಾಡಿ ನೋಡಿದರೆ ದನದ ಕೊಬ್ಬು. ಅಂಗಡಿಯಲ್ಲಿ ಸಿಗುವ ಇಂಥ ಗಟ್ಟಿಗಳಲ್ಲಿ ಎಷ್ಟೋ ಹಾಗೇ ಇರುತ್ತವೆ, ಆ ಹೆಂಗಸಿಗೆ ಅದು ಮಾಂಸ ಅಂತಲೇ ಹೊಳೆದಿರುವುದಿಲ್ಲ. ಹುಡುಗಿ ಕೋಣೆಗೆ ಹೋಗಿ ಅತ್ತಳು. ಅಮ್ಮನಿಗೆ ಹೇಳಿದಳು. ಆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮಾರನೇ ದಿನದಿಂದ ಏನು ಮಾಡಿಕೊಟ್ಟರೂ "ದಾಯ್ಜೋಬು, ದಾಯ್ಜೋಬು" (ಪರವಾಗಿಲ್ಲ, ಬೇಡ) ಅಂದು ಬರೀ ಅನ್ನ. ರಾತ್ರಿ ಕೋಣೆಯಲ್ಲಿ ಸೂಟ್‌ಕೇಸ್ ತೆಗೆದು, ಊರಿಂದ ತಂದ ಚಟ್ನಿಪುಡಿಯನ್ನು ಚಮಚದಲ್ಲಿ ತಿನ್ನುವುದು.

ಪಾಪ, ಆ ಹೋಸ್ಟ್ ತಾಯಿ ಏನು ಮಾಡಬೇಕು? ಮಾಡಿದ್ದು ಯಾವುದೂ ಸೇರುತ್ತಿಲ್ಲ ಅಂತ ಕಂಡು ಬ್ರೆಡ್ಡು, ಹಣ್ಣು ತಂದಿಟ್ಟಿದ್ದಾರೆ.

ಇನ್ನು ಸ್ನಾನ. "ಸ್ನಾನ ಆದ್ಮೇಲೆ ಟಬ್ಬಿನ ನೀರು ಏನು ಮಾಡ್ತೀಯ?" ಅಂತ ಕೇಳಿದೆ.

"ಬಿಟ್ಟು ತೊಳೀತೀನಿ."

"ಮೊದಲ ದಿನದಿಂದ?"

"ಹೂಂ. ನಾನು ಮಿಂದ ನೀರಲ್ಲಿ ಅವರು ಹೇಗೆ ಮೀಯೋದು ಮೇಡಂ, ಅಸಹ್ಯ ಅಲ್ವಾ."

ನಮ್ಮ ಲೆಕ್ಕದಲ್ಲಿ ಸರಿಯೇ. ಅಲ್ಲಿ ಮೈ ತೊಳೆಯುವುದೆಲ್ಲ ಟಬ್ಬಿನ ಹೊರಗೆ. ಸೋಪು ಪೂರ್ತಿ ಹೋದ ಮೇಲೆ ಬಿಸಿ ನೀರಿನಲ್ಲಿ ಸುಮ್ಮನೆ ಕೂರುವುದು. ಒಂದೇ ನೀರಿನಲ್ಲಿ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಕೂತು ಏಳುತ್ತಾರೆ, ನಡುವೆ ನೀರು ಆರದಂತೆ ಮುಚ್ಚಳ ಹಾಕುತ್ತಾರೆ. ಮಾರನೇ ದಿನ ಅದೇ ನೀರನ್ನು ಬಟ್ಟೆ ಒಗೆಯಲು ಬಳಸುವವರೂ ಬೇಕಾದಷ್ಟು ಜನ. ಹೋದ ಹೊಸದರಲ್ಲಿ ನೆಂಟರು ಅಂತ ಇವಳಿಗೇ ಮೊದಲ ಸರದಿ ಕೊಟ್ಟಿದ್ದರು. ಇವಳು ದಿನವೂ ಬಿರಡೆ ತೆಗೆದಳು. ಅವರು ದಿನವೂ ಮತ್ತೆ ನೀರು ತುಂಬಿ ಕಾಯಿಸಿಕೊಂಡರು. ಸ್ವಲ್ಪ ದಿನ ನೋಡಿ, ಏನೂ ಅನ್ನದೆ ಇವಳನ್ನು ಕೊನೆಗೆ ಹಾಕಿದರು. ಹೇಳದೆ ಇದ್ದದ್ದು ಅವರದೂ ತಪ್ಪೇ. ಮಗುವಿಗೆ ಮನಸ್ಸು ನೋಯುತ್ತದೆ ಅಂತ ಬಾಯಿ ಕಟ್ಟಿಕೊಂಡರು, ಅದರಿಂದಲೇ ಜಾಸ್ತಿ ನೋವಾಯಿತು.

ಇಷ್ಟೆಲ್ಲ ಆದ ಮೇಲೆ ಹುಡುಗಿ ಒಂದು ಮಾತು ಹೇಳಿದಳು, ಸ್ವಲ್ಪ ಹೆಮ್ಮೆಯಿಂದಲೇ. "ನಾನು ಅವರಿಗೆ ಒಂಚೂರೂ ತೊಂದರೆ ಕೊಟ್ಟಿಲ್ಲ ಮೇಡಂ. ಬಂದಾಗಿನಿಂದ ಏನೂ ಕೇಳಿಲ್ಲ. ಒಂದು ಸಲವೂ ಇಲ್ಲ."

ನಾನು ಅಲ್ಲೇ ನಿಂತೆ. ಸೆಷನ್ನಿನ ಉಳಿದ ಹೊತ್ತೆಲ್ಲ ಆ ಮಾತಿನ ಮೇಲೇ ಹೋಯಿತು.

"ನಿನ್ನ ಚಿಕ್ಕಮ್ಮನ ಮಗಳು ಪಿಯುಸಿ ಓದೋಕೆ ನಿಮ್ಮನೆಗೆ ಬಂದಿದ್ದಾಳೆ ಅಂದ್ಕೋ. ಬಂದವಳೇ ಕೋಣೆ ಸೇರ್ತಾಳೆ. ನಿಮ್ಮಮ್ಮ ಮಾಡಿದ್ದು ಮುಟ್ಟಲ್ಲ, ಯಾಕೆ ಅಂತ ಹೇಳಲ್ಲ. ಒಂದು ಲೋಟ ನೀರು ಬೇಕು ಅಂತಾನೂ ಕೇಳಲ್ಲ. ರಾತ್ರಿ ಹನ್ನೆರಡೂವರೆಗೆ ಯಾರ ಹತ್ರನೋ ಅಳ್ತಾ ಫೋನಲ್ಲಿ ಮಾತಾಡ್ತಾಳೆ. ಮೂರು ತಿಂಗಳು. ನಿಮ್ಮಮ್ಮ ಏನಂತಾರೆ?"

ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕುಬಿಟ್ಟಳು. "ಅವಳಿಗೆ ಜಂಬ, ನಮ್ಮನೆ ಹಿಡಿಸಲ್ಲ ಅಂತಾಳೆ ಅಮ್ಮ."

ಹನ್ನೆರಡೂವರೆ ಯಾಕೆ ಅಂತೀರಾ? ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ತಾಯಿ ಕೆಲಸ ಮುಗಿಸಿ, ಊಟ ಬಡಿಸಿ, ಒಂಬತ್ತಕ್ಕೆ ಫೋನ್ ಹಿಡಿದರೆ ಅಲ್ಲಿ ನಡುರಾತ್ರಿ. ಮರದ ಮನೆ, ತೆಳ್ಳನೆ ಗೋಡೆ, ಪಕ್ಕದ ಕೋಣೆಯಲ್ಲಿ ಅಜ್ಜಿ. ಅವರು ಬೇಡ ಅಂದಿದ್ದು ಆ ಹೊತ್ತಿನ ಫೋನನ್ನು.

ನಾನು ಕೊಟ್ಟ ಸಲಹೆ ಇದು. ಎರಡು ವಾರ ಮನೆ ಬದಲಾಯಿಸುವ ಮಾತು ಯಾರೂ ಎತ್ತಬೇಡಿ. ಆ ಎರಡು ವಾರ ನೀನು ದಿನಕ್ಕೊಂದು ಏನಾದರೂ ಅವರನ್ನು ಕೇಳಲೇಬೇಕು. ಹೀಟರ್ ಹಚ್ಚಲಾ ಅಂತ ಕೇಳು. ಸ್ನಾನದ ನೀರು ಏನು ಮಾಡಲಿ ಅಂತ ಕೇಳು. ಊಟದ ವಿಷಯವನ್ನು ಶಾಲೆಯ ಟೀಚರ್ ಹತ್ತಿರ ಜಪಾನಿಯಲ್ಲಿ ಬರೆಸಿಕೊಂಡು ಹೋಗು. ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ, ಪ್ರಾಣಿಯ ಕೊಬ್ಬು ಆಗುವುದಿಲ್ಲ, ಕೊಂಬು ಅನ್ನುವ ಕಡಲಪಾಚಿಯ ದಾಶಿ, ಶಿಇತಾಕೆ ಅಣಬೆ, ತೋಫು ಆಗುತ್ತದೆ ಅಂತ. ಆಗದ್ದನ್ನು ಮಾತ್ರ ಬರೆದರೆ ಅಡುಗೆ ಮಾಡುವವರಿಗೆ ದಾರಿ ಕಾಣುವುದಿಲ್ಲ, ಆಗುವುದನ್ನು ಜಾಸ್ತಿ ಬರಿ. ಸೂಟ್‌ಕೇಸಿನಲ್ಲಿರುವ ಪುಡಿಗಳನ್ನೆಲ್ಲ ಅಡುಗೆಮನೆಗೆ ತಗೊಂಡು ಹೋಗು. ತಾಯಿಗೆ ಹೇಳಿದ್ದು: ಭಾನುವಾರ ಮಧ್ಯಾಹ್ನ ಮೂರೂವರೆಗೆ ಫೋನ್ ಮಾಡಿ, ಅಲ್ಲಿ ಸಂಜೆ ಏಳು. ವಾರದ ನಡುವೆ ಮೆಸೇಜು ಸಾಕು.

ತಾಯಿಗೆ ಇದು ಹಿಡಿಸಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೂ ಹಿಡಿಸಲಿಲ್ಲ. "ಅಳುವ ಮಗುವಿಗೆ ಅಮ್ಮನ ಫೋನ್ ಕಿತ್ತುಕೊಂಡಿರಿ, ಅಡ್ಜಸ್ಟ್ ಮಾಡ್ಕೋ ಅಂದಿರಿ" ಅಂತ ಆಕ್ಷೇಪ.

ಅಡ್ಜಸ್ಟ್ ಮಾಡ್ಕೋ ಅಂತ ನಾನು ಹೇಳಲೇ ಇಲ್ಲ. ಅವಳು ಮೂರು ತಿಂಗಳು ಮಾಡಿದ್ದೇ ಅದನ್ನ. ಚಳಿಗೆ, ಹಸಿವಿಗೆ, ಅವಮಾನಕ್ಕೆ ಎಲ್ಲದಕ್ಕೂ ಅಡ್ಜಸ್ಟ್ ಆದಳು, ಬಾಯಿ ಬಿಡಲಿಲ್ಲ. ಅದನ್ನು ನಿಲ್ಲಿಸು ಅಂದೆ. ನಮ್ಮ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಬೇರೆಯವರ ಮನೆಗೆ ಹೋಗುವಾಗ ನಾವು ಹೇಳಿ ಕಳಿಸುವುದು ಒಂದೇ: ಅದು ಬೇಕು ಇದು ಬೇಕು ಅನ್ನಬೇಡ, ಕೊಟ್ಟಿದ್ದು ತಿನ್ನು. ಮದುವೆಮನೆಗೆ ಎರಡು ದಿನ ಹೋಗುವವಳಿಗೆ ಈ ಬುದ್ಧಿ ಸಾಕು. ಹತ್ತು ತಿಂಗಳು ಇರುವವಳಿಗೆ ಸಾಲದು. ಏನೂ ಕೇಳದವಳು ಆ ಮನೆಯಲ್ಲಿ ಕೊನೆವರೆಗೂ ನೆಂಟಳಾಗಿಯೇ ಉಳಿಯುತ್ತಾಳೆ. ಮನೆ ಬದಲಾಯಿಸಿದ್ದರೆ ಇನ್ನೊಂದು ಮನೆಯಲ್ಲೂ ಇದೇ ಹುಡುಗಿ ಇದೇ ಥರ ಮೇಲಿನ ಕೋಣೆ ಸೇರುತ್ತಿದ್ದಳು. ಅಲ್ಲೂ ದಾಶಿ, ಅಲ್ಲೂ ಅದೇ ಟಬ್ಬು.

ಏನಾಯಿತು ಅಂತ ಕೇಳಿದರೆ, ಪವಾಡ ಏನೂ ಆಗಲಿಲ್ಲ. ಹೀಟರ್ ಕೇಳಿದ ದಿನ ಹೋಸ್ಟ್ ತಂದೆ ಅದನ್ನು ಹಚ್ಚುವುದು, ಆರಿಸುವುದು, ಕಿಟಕಿ ಆಗಾಗ ತೆಗೆಯಬೇಕಾದ್ದು ಎಲ್ಲ ತೋರಿಸಿದರು, ಇಷ್ಟು ದಿನ ಚಳಿಯಲ್ಲೇ ಇದ್ದಳು ಅಂತ ತಿಳಿದು ಹೆಂಡತಿಯ ಕಡೆ ನೋಡಿದರಂತೆ. ಕರಿ ವಿಷಯ ಗೊತ್ತಾದಾಗ ಹೋಸ್ಟ್ ತಾಯಿ ತುಂಬಾ ನೊಂದುಕೊಂಡರು, ಸಲ ಸಲವೂ ಕ್ಷಮೆ ಕೇಳಿದರು, ಹುಡುಗಿಗೆ ಅದೇ ಒಂದು ಹಿಂಸೆಯಾಯಿತು. ಆದರೆ ಆಮೇಲೆ ಇಬ್ಬರೂ ಸೂಪರ್ ಮಾರ್ಕೆಟ್ಟಿನಲ್ಲಿ ಲೇಬಲ್ ಓದುತ್ತಾ ನಿಲ್ಲಲು ಶುರು ಮಾಡಿದರು. ಸಾರಿನಪುಡಿ ಹಾಕಿ ಇವಳು ಮಾಡಿದ ಸಾರು ಹುಡುಗನಿಗೆ ಖಾರ, ಹೋಸ್ಟ್ ತಂದೆಗೆ ಇಷ್ಟ. ಅಜ್ಜಿ ಕೊನೆವರೆಗೂ ಸರಿಯಾಗಿ ಮಾತಾಡಲಿಲ್ಲ. ಇವಳು ಮನೆ ಬದಲಾಯಿಸದೆ ವರ್ಷ ಮುಗಿಸಿ ಬಂದಳು.

ಈಗ ಹೋಗಲಿರುವವರ ಮನೆಯವರಿಗೆ ಒಂದು ಮಾತು. ಇವಳ ಅರ್ಜಿಯಲ್ಲಿ ಆಹಾರದ ಕಡೆ ‘ಸಸ್ಯಾಹಾರಿ, ಆದರೆ ಹೊಂದಿಕೊಳ್ಳುತ್ತಾಳೆ’ ಅಂತ ಬರೆದಿತ್ತು. ಬರೆದದ್ದು ಅಪ್ಪ. ಕಟ್ಟುನಿಟ್ಟು ಅಂತ ಬರೆದರೆ ಮನೆ ಸಿಗುವುದು ತಡವಾಗುತ್ತದೆ ಅಂತ ಯಾರೋ ಹೇಳಿದ್ದರಂತೆ. ತಡವಾಗುವುದು ನಿಜ, ದಾಶಿ ಇಲ್ಲದೆ ವರ್ಷವಿಡೀ ಅಡುಗೆ ಮಾಡಲು ಒಪ್ಪುವ ಮನೆಗಳು ಅಲ್ಲಿ ಕಡಿಮೆ. ತಡವಾದರೆ ಆಗಲಿ. ಆ ಫಾರ್ಮನ್ನು ಮಗುವಿನ ಎದುರಿಗೇ, ಮಗುವಿನ ಕೈಯಲ್ಲೇ ತುಂಬಿಸಿ. ಮೊಟ್ಟೆ ತಿನ್ನುತ್ತೀಯಾ, ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದು ಆಗುತ್ತದಾ, ಮೀನಿನ ಕಟ್ಟು ಹಾಕಿದ ಸೂಪು ಎದುರಿಗೆ ಬಂದರೆ ಏನು ಹೇಳುತ್ತೀಯ ಅಂತ ಒಂದೊಂದಾಗಿ ಕೇಳಿ. ‘ನೋಡ್ಕೊಳ್ತೀನಿ’ ಅನ್ನುವ ಉತ್ತರ ಒಪ್ಪಬೇಡಿ.

ಹುಡುಗಿಯ ತಾಯಿಗೆ ಈ ಬರಹ ಕಳಿಸಿದ್ದೆ. ಓದಿ ವಾಪಸ್ ಕಳಿಸಿದ ಮೆಸೇಜು: "ಫಾರ್ಮಿನ ವಿಷಯ ಸರಿ ಮೇಡಂ, ಹಾಕಿ. ಆದ್ರೆ ನನ್ನ ಮಗಳನ್ನ ಕೊನೆಗೆ ಸ್ನಾನಕ್ಕೆ ಕಳಿಸಿದ್ದು ತಪ್ಪೇ. ಅದನ್ನೂ ಹಾಕಿ."