ಬಾಕ್ಸ್‌ಎನ್ ಮಾದರಿ ವ್ಯಾಗನ್‌ಗಳು ಮಾಡ್ಯೂಲ್ ಸಂದಿಯಲ್ಲಿ ಹಳಿ ತಪ್ಪುವ ಬಗ್ಗೆ

ನಮಸ್ಕಾರ. ಬಳ್ಳಾರಿ ಸೀಮೆಯ ಅದಿರು ರೇಕ್ (ಒಟ್ಟಿಗೆ ಓಡುವ ವ್ಯಾಗನ್‌ಗಳ ಸಾಲು) ಒಂದನ್ನು ಎಚ್‌ಒ ಸ್ಕೇಲ್‌ನಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲಿನ ಅಳತೆಯ ಮಾದರಿ ರೈಲಾಗಿ ಮಾಡಲು ಹೊರಟಿರುವ ನಿಮ್ಮ ತಂಡದ ಪ್ರಶ್ನೆಯನ್ನು ಓದಿದೆ. 3ಡಿ ಪ್ರಿಂಟ್ ಮಾಡಿಸಿದ ಆರು ಬಾಕ್ಸ್‌ಎನ್ (ಮೇಲ್ಭಾಗ ತೆರೆದ ಸರಕು) ವ್ಯಾಗನ್‌ಗಳು ಮನೆಯ ಮೇಜಿನ ಮೇಲೆ ಸರಾಗವಾಗಿ ಓಡುತ್ತವೆ, ಎಲ್ಲರ ಮಾಡ್ಯೂಲ್‌ಗಳನ್ನು (ಪ್ರತಿಯೊಬ್ಬರೂ ಬೇರೆಯಾಗಿ ಮಾಡಿ ತರುವ ಹಳಿಹಲಗೆಯ ತುಂಡುಗಳನ್ನು) ಜೋಡಿಸಿದ ದಿನ ಮಾತ್ರ ಸಂದಿಗಳಲ್ಲಿ ಹಳಿ ತಪ್ಪುತ್ತವೆ ಎಂದು ಬರೆದಿದ್ದೀರಿ. ಬಣ್ಣ ಮತ್ತು ಅಂಕಿಗಳ ಕೆಲಸವನ್ನು ಈಗಲೇ ಆರಂಭಿಸಬಹುದೇ ಎಂದೂ ಕೇಳಿದ್ದೀರಿ. ದಯವಿಟ್ಟು ಈಗಲೇ ಆರಂಭಿಸಬೇಡಿ. ಕ್ಲಬ್ಬಿನ ಲೇಔಟ್‌ನಲ್ಲಿ (ಜೋಡಿಸಿದ ಮಾದರಿ ಹಳಿಜಾಲದಲ್ಲಿ) ನಿಮ್ಮ ವ್ಯಾಗನ್ ಬೇರೆಯವರು ಹಾಕಿದ ಹಳಿಯ ಮೇಲೆ, ಬೇರೆಯವರ ವ್ಯಾಗನ್‌ಗಳ ನಡುವೆ ಓಡಬೇಕಾಗುತ್ತದೆ. ತೂಕ, ಚಕ್ರ ಮತ್ತು ಕೊಂಡಿಯ ಎತ್ತರ ಎಲ್ಲರದೂ ಒಂದೇ ಅಳತೆಗೆ ಬರುವವರೆಗೆ ಮೇಲಿನ ಅಲಂಕಾರಕ್ಕೆ ಕೈಹಾಕಿದರೆ, ಪ್ರತಿ ರಿಪೇರಿಯಲ್ಲೂ ಆ ಅಲಂಕಾರವೇ ಮೊದಲು ಮುರಿಯುತ್ತದೆ.

ಮೊದಲು ಪ್ರಿಂಟ್ ಆದ ಪೆಟ್ಟಿಗೆಯನ್ನು ಅಳೆದು ನೋಡಿ. ನಿಜವಾದ ಬಾಕ್ಸ್‌ಎನ್ ಕೊಂಡಿಯಿಂದ ಕೊಂಡಿಗೆ 10,713 ಮಿ.ಮೀ. ಉದ್ದ, 3,200 ಮಿ.ಮೀ. ಅಗಲ ಮತ್ತು ಹಳಿಯಿಂದ 3,225 ಮಿ.ಮೀ. ಎತ್ತರವಿದೆ. 1:87ಕ್ಕೆ ಇಳಿಸಿದರೆ ಉದ್ದ 123, ಅಗಲ 36.8 ಮತ್ತು ಎತ್ತರ 37 ಮಿ.ಮೀ. ಆಗುತ್ತದೆ. ಅನಂತರ ಪೆಟ್ಟಿಗೆಯನ್ನು ಕನ್ನಡಿಯ ಮೇಲಿಟ್ಟು ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ. ಯಾವುದಾದರೂ ಮೂಲೆ ಟಕ್ ಎಂದರೆ ಪೆಟ್ಟಿಗೆ ತಿರುಚಿಕೊಂಡಿದೆ ಎಂದರ್ಥ. ರೆಸಿನ್ ಪ್ರಿಂಟ್ ಆಗಿದ್ದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೆತ್ತಗಾದ ಮೇಲೆ ಕನ್ನಡಿಗೆ ಒತ್ತಿ ಹಿಡಿದು ಆರಲು ಬಿಟ್ಟರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ.

ಮುಂದಿನದು ತೂಕ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಘದ ಶಿಫಾರಸಿನ ಪ್ರಕಾರ ಎಚ್‌ಒ ವ್ಯಾಗನ್ನಿಗೆ ಮೂಲವಾಗಿ 1 ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್ ಇರಬೇಕು. ಕೊಂಡಿ ಬಿಟ್ಟು ಬಾಕ್ಸ್‌ಎನ್ ಪೆಟ್ಟಿಗೆಯ ಉದ್ದ ಸುಮಾರು 112 ಮಿ.ಮೀ., ಅಂದರೆ 4.4 ಇಂಚು, ಲೆಕ್ಕ ಸುಮಾರು 90 ಗ್ರಾಂಗೆ ಬಂದು ನಿಲ್ಲುತ್ತದೆ. ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ ನಿಮ್ಮ ವ್ಯಾಗನ್ ಇದರ ಅರ್ಧವೂ ಇಲ್ಲದಿರುವ ಸಾಧ್ಯತೆ ಹೆಚ್ಚು. ಟಯರ್ ಅಂಗಡಿಯಲ್ಲಿ ಚಕ್ರ ಬ್ಯಾಲೆನ್ಸ್ ಮಾಡಲು ಅಂಟಿಸುವ 5 ಮತ್ತು 10 ಗ್ರಾಂ ತುಂಡುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಅವುಗಳನ್ನು ಎರಡೂ ತುದಿಗೆ ಸಮನಾಗಿ ಹಂಚಿ, ಆದಷ್ಟೂ ತಳಕ್ಕೆ ಕೂರಿಸಬೇಕು. ಅದಿರು ತುಂಬಿದ ವ್ಯಾಗನ್ನಿನಲ್ಲಿ ತೂಕ ಅದಿರಿನ ಕೆಳಗೆ ಅಡಗುತ್ತದೆ; ಖಾಲಿ ವ್ಯಾಗನ್ನಿನಲ್ಲಿ ಮಾತ್ರ ತಳದ ಚೌಕಟ್ಟಿನ ಸಂದುಗಳಿಗೆ ಸೀಸದ ತಗಡನ್ನು ಕತ್ತರಿಸಿ ಕೂರಿಸುವುದಲ್ಲದೆ ಬೇರೆ ಉಪಾಯವಿಲ್ಲ. ಸೀಸ ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ. ಸೀಸವನ್ನು ಫೆವಿಕಾಲ್‌ನಿಂದ ಅಂಟಿಸಲೂ ಬೇಡಿ, ಏಕೆಂದರೆ ಆ ಅಂಟಿನ ಸಂಪರ್ಕದಲ್ಲಿ ಸೀಸ ವರ್ಷಗಳ ಮೇಲೆ ಕಿಲುಬುಗಟ್ಟಿ ಉಬ್ಬುತ್ತದೆ, ಉಬ್ಬಿದಾಗ ಪೆಟ್ಟಿಗೆಯೇ ಸೀಳುತ್ತದೆ. ಎಪಾಕ್ಸಿ ಬಳಸಿ.

ಇನ್ನು ಬೋಗಿಗಳು. (ಇಲ್ಲಿ ಬೋಗಿ ಎಂದರೆ ನಮ್ಮ ಆಡುಮಾತಿನ ರೈಲುಡಬ್ಬಿಯಲ್ಲ, ಅದರ ಕೆಳಗೆ ತಿರುಗುವ ನಾಲ್ಕು ಚಕ್ರಗಳ ಚೌಕಟ್ಟು.) ಬಾಕ್ಸ್‌ಎನ್‌ನ ಕ್ಯಾಸ್ನಬ್ ಬೋಗಿಯಲ್ಲಿ ಹೊಸ ಚಕ್ರದ ವ್ಯಾಸ 1,000 ಮಿ.ಮೀ.; ಸವೆದು 906 ಮಿ.ಮೀ. ತಲುಪುವವರೆಗೂ ಅದನ್ನು ಓಡಿಸುತ್ತಾರೆ. ಆದುದರಿಂದ ಸುಲಭವಾಗಿ ಸಿಗುವ ಅಮೆರಿಕದ 36 ಇಂಚಿನ, ಅಂದರೆ 914 ಮಿ.ಮೀ.ಗೆ ಸಮನಾದ ಎಚ್‌ಒ ಚಕ್ರಗಳನ್ನು ಹಾಕಿದರೆ ತಪ್ಪೇನೂ ಆಗುವುದಿಲ್ಲ. ಬಹಳ ಸವೆದ ಚಕ್ರವೆಂದು ನಿಶ್ಚಿಂತೆಯಿಂದ ಒಪ್ಪಿಕೊಳ್ಳಬಹುದು. ಪ್ಲಾಸ್ಟಿಕ್ ಬೇಡ, ಲೋಹದ ಚಕ್ರವನ್ನೇ ಹಾಕಿ. ಪ್ಲಾಸ್ಟಿಕ್ ಚಕ್ರ ಹಳಿಯ ಮೇಲಿನ ಕೊಳೆಯನ್ನು ಮೆತ್ತಿಕೊಂಡು ಊರೆಲ್ಲ ಹರಡುತ್ತದೆ. ಒಂದೇ ಅಚ್ಚಿನ (ಆಕ್ಸಲ್‌ನ) ಎರಡು ಚಕ್ರಗಳ ಒಳಬೆನ್ನುಗಳ ನಡುವಿನ ಅಂತರವನ್ನು ಎನ್‌ಎಂಆರ್‌ಎ ಗೇಜ್ ತಗಡಿನಿಂದ ಪರೀಕ್ಷಿಸಿ, ಅದು 14.4 ಮಿ.ಮೀ. ಆಸುಪಾಸಿನಲ್ಲಿರಬೇಕು.

ಸಂದಿಯಲ್ಲಿ ಹಳಿ ತಪ್ಪುವುದಕ್ಕೆ ನಾನು ಕಂಡಂತೆ ದೊಡ್ಡ ಕಾರಣ ಬೋಗಿಯ ತಿರುಪು. ಎರಡೂ ಬೋಗಿಗಳನ್ನು ಬಿಗಿಯಾಗಿ ತಿರುಪಿದರೆ ವ್ಯಾಗನ್ ನಾಲ್ಕು ಕಾಲಿನ ಮೇಜಿನಂತಾಗುತ್ತದೆ. ಹಳಿ ಕೂದಲೆಳೆಯಷ್ಟು ತಗ್ಗಿದರೂ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಒಂದು ಬೋಗಿ ಎಡಬಲಕ್ಕೆ ತಿರುಗುವಷ್ಟೇ ಸಡಿಲವಿರಲಿ, ವಾಲದಿರಲಿ. ಇನ್ನೊಂದರ ತಿರುಪನ್ನು ಅರ್ಧ ಸುತ್ತು ಹಿಂದಕ್ಕೆ ಬಿಟ್ಟು ಎಲ್ಲ ಕಡೆಗೂ ವಾಲುವಂತೆ ಮಾಡಿ. ಆಗ ವ್ಯಾಗನ್ ಮುಕ್ಕಾಲಿಯಂತೆ ಕೂರುತ್ತದೆ. ನನ್ನ ಮೊದಲ ಹನ್ನೆರಡು ವ್ಯಾಗನ್‌ಗಳ ರೇಕ್‌ನಲ್ಲಿ ಏಳನೆಯದು ಒಂದೇ ಸಂದಿಯಲ್ಲಿ ಪದೇ ಪದೇ ಬೀಳುತ್ತಿತ್ತು. ಆ ಸಂದಿಯ ಹಳಿಯನ್ನು ಎರಡು ಸಲ ಕಿತ್ತು ಹಾಕಿದ ಮೇಲೆ ವ್ಯಾಗನ್ನನ್ನು ತಿರುವಿ ನೋಡಿದೆ. ಎರಡೂ ತಿರುಪುಗಳು ಕಚ್ಚಿಕೊಂಡಿದ್ದವು. ಅರ್ಧ ಸುತ್ತಿನಲ್ಲಿ ಮುಗಿಯುವ ಕೆಲಸಕ್ಕೆ ಎರಡು ಭಾನುವಾರ ಹೋದವು.

ಕೊಂಡಿಯ ವಿಷಯದಲ್ಲಿ ನಿಮ್ಮ ತಂಡ ಕುಳಿತು ಒಂದು ತೀರ್ಮಾನಕ್ಕೆ ಬರಲೇಬೇಕು. ನಮ್ಮ ಬ್ರಾಡ್‌ಗೇಜ್ ಖಾಲಿ ವ್ಯಾಗನ್ನಿನ ಕೊಂಡಿ ಹಳಿಯಿಂದ ಹೆಚ್ಚೆಂದರೆ 1,105 ಮಿ.ಮೀ. ಎತ್ತರದಲ್ಲಿರುತ್ತದೆ, ಎಚ್‌ಒನಲ್ಲಿ ಅದು 12.7 ಮಿ.ಮೀ. ಆದರೆ ಎಲ್ಲರೂ ಬಳಸುವ ಕೇಡೀ ಕಂಪನಿಯ ಕೊಂಡಿ ಅಮೆರಿಕದ ಎತ್ತರಕ್ಕೆ ಮಾಡಿದ್ದು. ಅದರ ನಡುಮಧ್ಯ ಸುಮಾರು 9.9 ಮಿ.ಮೀ.ನಲ್ಲಿ ನಿಲ್ಲುತ್ತದೆ. ನಮ್ಮ ನಿಜ ವ್ಯಾಗನ್‌ಗಳ ಸಿಬಿಸಿ (ಸೆಂಟರ್ ಬಫರ್ ಕಪ್ಲರ್) ಕೊಂಡಿಯೂ ಅದೇ ಮುಷ್ಟಿಯ ಆಕಾರದ್ದಾದ್ದರಿಂದ ನೋಟಕ್ಕೆ ಕೇಡೀ ಚೆನ್ನಾಗಿಯೇ ಒಪ್ಪುತ್ತದೆ, ಎತ್ತರ ಮಾತ್ರ ಹೊಂದುವುದಿಲ್ಲ. ನಿಜರೂಪಕ್ಕೆ ನಿಷ್ಠರಾಗಿ ಮೇಲಕ್ಕೆ ಕೂರಿಸಿದರೆ ಬೇರೆಯವರ ಎಂಜಿನ್‌ಗೆ ನಿಮ್ಮ ರೇಕ್ ಸಿಕ್ಕುವುದಿಲ್ಲ. ಕೆಳಕ್ಕೆ ತಂದರೆ ಪ್ರತಿ ವ್ಯಾಗನ್ನಿನ ಮುಖವೂ ಜೋತುಬಿದ್ದಂತೆ ಕಾಣುತ್ತದೆ. ನಾನು ಅನುಸರಿಸುವ ದಾರಿ ಹೀಗಿದೆ: ಐದೈದು ವ್ಯಾಗನ್‌ಗಳನ್ನು ಒಂದು ಗುಂಪು ಮಾಡಿ, ಗುಂಪಿನ ಒಳಗೆ 12.7 ಮಿ.ಮೀ. ಎತ್ತರದಲ್ಲಿ ಹಿತ್ತಾಳೆ ತಂತಿಯ ಗಟ್ಟಿ ಸರಳಿನಿಂದ ಕಟ್ಟುತ್ತೇನೆ. ಗುಂಪಿನ ಎರಡು ತುದಿಗಳಿಗೆ ಮಾತ್ರ ಕೇಡೀಯನ್ನು ಅದರದೇ ಎತ್ತರಮಾಪಕಕ್ಕೆ ಸರಿಯಾಗಿ ಕೂರಿಸುತ್ತೇನೆ. ನಿಜಜೀವನದಲ್ಲೂ ಅದಿರಿನ ರೇಕ್ ಬಿಡಿಬಿಡಿಯಾಗಿ ಓಡುವುದಿಲ್ಲವಾದ್ದರಿಂದ ಇದರಿಂದ ಆಟಕ್ಕೆ ಯಾವ ಕೊರತೆಯೂ ಆಗುವುದಿಲ್ಲ.

ಈಗ ಮಾಡ್ಯೂಲ್‌ಗಳು. ಸಂದಿಯ ಮೇಲೆ ಕಣ್ಣು ಮುಚ್ಚಿ ಉಗುರನ್ನು ಎರಡೂ ದಿಕ್ಕಿನಲ್ಲಿ ಎಳೆಯಿರಿ. ಉಗುರಿಗೆ ತಡೆದರೆ ಚಕ್ರಕ್ಕೂ ತಡೆಯುತ್ತದೆ. ಹಳಿಯ ಕೊನೆಯನ್ನು ಬರೀ ಅಂಟಿನಿಂದ ನಿಲ್ಲಿಸಬೇಡಿ. ತಾಮ್ರದ ಪದರವಿರುವ ಪಿಸಿಬಿ (ಸರ್ಕಿಟ್) ಹಲಗೆಯಿಂದ ಕತ್ತರಿಸಿದ ಸ್ಲೀಪರ್‌ಗಳನ್ನು ಪ್ಲೈವುಡ್ಡಿಗೆ ತಿರುಪಿ, ಎರಡು ಹಳಿಗಳ ನಡುವೆ ತಾಮ್ರವನ್ನು ಗೀರಿ ಬೇರ್ಪಡಿಸಿ, ಅದಕ್ಕೆ ಹಳಿಯನ್ನು ಬೆಸುಗೆ ಹಾಕಿ. ಮಳೆಗಾಲದಲ್ಲಿ ಸಾಧಾರಣ ಪ್ಲೈವುಡ್ ಉಬ್ಬುತ್ತದೆ. ತುದಿಹಲಗೆಗಳಿಗಾದರೂ 12 ಮಿ.ಮೀ. ಮರೀನ್ ಪ್ಲೈ ತಂದು, ಕತ್ತರಿಸಿದ ಅಂಚಿಗೂ ಎರಡು ಕೈ ವಾರ್ನಿಶ್ ಬಳಿಯಿರಿ. ಮಾಡ್ಯೂಲ್‌ಗಳಿಗೆ ಸಾಮಾನ್ಯ ಅಳತೆ ಗೊತ್ತುಮಾಡುವ ಫ್ರೀ-ಮೋ ಪದ್ಧತಿಯಲ್ಲಿ ಹಳಿ ನೆಲದಿಂದ 50 ಇಂಚು ಎತ್ತರದಲ್ಲಿರುತ್ತದೆ, ಏರು ಶೇ. 2 ಮೀರುವಂತಿಲ್ಲ. ಕ್ಯಾಸಲ್ ರಾಕ್‌ನಿಂದ ಕುಲೆಂಗೆ ಇಳಿಯುವ ಘಾಟಿಯ 37ಕ್ಕೆ 1ರ ಇಳಿಜಾರನ್ನು ಹಾಗೆಯೇ ತರಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಅದು ಶೇ. 2.7 ಆಗುತ್ತದೆ. ಹಳಿಯನ್ನು ಮಟ್ಟವಾಗಿಯೇ ಇಟ್ಟು, ಪಕ್ಕದ ಕಣಿವೆಯನ್ನು ಆಳ ಮಾಡಿ ತೋರಿಸಿದರೆ ನೋಡುಗರ ಕಣ್ಣಿಗೆ ಘಾಟಿ ಸಿಗುತ್ತದೆ.

ಇಷ್ಟಾದ ಮೇಲೆ, ಇಡೀ ರೇಕನ್ನು ಎಂಜಿನ್ನಿನಿಂದ ಹಿಂದಕ್ಕೆ ತಳ್ಳಿಸುತ್ತ ಎಲ್ಲ ಸಂದಿಗಳನ್ನೂ ಹತ್ತು ಸಲ ದಾಟಿಸಿ. ಒಂದೂ ಬೀಳದಿದ್ದರೆ ಬಣ್ಣದ ಡಬ್ಬಿ ತೆರೆಯಿರಿ.

ಕೆಂಪು ಆಕ್ಸೈಡ್ ಪ್ರೈಮರ್ ಮೇಲೆ ಕಂದು ಬಣ್ಣ ಒಂದು ತೆಳು ಪದರ ಸಾಕು. ದಪ್ಪ ಬಳಿದರೆ ಪಕ್ಕದ ಕಂಬಗಳ ಅಂಚು ಮುಚ್ಚಿಹೋಗುತ್ತದೆ. ಅದಿರಿನ ವಿಷಯದಲ್ಲಿ ಬಹಳ ಮಂದಿ ಎಡವುವುದನ್ನು ನೋಡಿದ್ದೇನೆ. ಬಾಕ್ಸ್‌ಎನ್‌ಗೆ ಸುಮಾರು 56 ಘನ ಮೀಟರ್ ಜಾಗವಿದ್ದರೂ ಮೂಲ ವಿನ್ಯಾಸದ ಪ್ರಕಾರ ಹೊರುವುದು 58 ಟನ್ನಿನ ಆಸುಪಾಸು. ಕಲ್ಲಿದ್ದಲಾದರೆ ಅಂಚಿನವರೆಗೆ ಬರುತ್ತದೆ. ಕಬ್ಬಿಣದ ಅದಿರು ಒಂದು ಘನ ಮೀಟರಿಗೆ 2 ಟನ್ನಿಗಿಂತ ಹೆಚ್ಚು ತೂಗುವುದರಿಂದ ಪೆಟ್ಟಿಗೆ ಸುಮಾರು ಅರ್ಧ ತುಂಬುವಷ್ಟರಲ್ಲೇ ಮಿತಿ ಮುಟ್ಟುತ್ತದೆ. ಹೊಸಪೇಟೆಯ ಕಡೆ ಮೇಲ್ಸೇತುವೆಯ ಮೇಲೆ ನಿಂತು ನೋಡಿದರೆ ಅದಿರು ತಳದಲ್ಲಿ ಗುಡ್ಡೆಯಾಗಿ ಕುಳಿತಿರುವುದು, ಅದರ ಮೇಲೆ ಕೆಂಪು ಧೂಳು ಮೆತ್ತಿದ ಒಳಗೋಡೆ ಬರಿದಾಗಿ ನಿಂತಿರುವುದು ಕಾಣುತ್ತದೆ. ಆದ್ದರಿಂದ ಒಳಗೋಡೆಗೂ ಹೊರಗಿನಷ್ಟೇ ಶ್ರದ್ಧೆಯಿಂದ ಬಣ್ಣ ಹಾಕಿ. ಜರಡಿ ಹಿಡಿದ ಇಟ್ಟಿಗೆ ಪುಡಿಯನ್ನು ತೂಕದ ಮೇಲೆ ಮುಚ್ಚಿದ ಪ್ಲಾಸ್ಟಿಕ್ ಹಾಳೆಗೆ ನೀರು ಬೆರೆಸಿದ ಫೆವಿಕಾಲ್‌ನಿಂದ ಗಟ್ಟಿಯಾಗಿ ಹಿಡಿಸಿ. ಸಡಿಲ ಪುಡಿ ಎಂಜಿನ್ನಿನ ಗೇರ್‌ಗಳಿಗೆ ಶತ್ರು.

ಅಂಕಿಗಳನ್ನು ಮನಸ್ಸಿಗೆ ಬಂದಂತೆ ಬರೆಯಬೇಡಿ. ವ್ಯಾಗನ್ ಸಂಖ್ಯೆಯ ಹನ್ನೊಂದು ಅಂಕಿಗಳಲ್ಲಿ ಮೊದಲ ಎರಡು ವ್ಯಾಗನ್ನಿನ ಬಗೆಯನ್ನೂ, ಮುಂದಿನ ಎರಡು ಒಡೆತನದ ರೈಲ್ವೆಯನ್ನೂ (ನೈರುತ್ಯ ರೈಲ್ವೆಗೆ 15), ಅನಂತರದ ಎರಡು ತಯಾರಾದ ವರ್ಷವನ್ನೂ, ಮುಂದಿನ ನಾಲ್ಕು ಕ್ರಮಸಂಖ್ಯೆಯನ್ನೂ ಹೇಳುತ್ತವೆ. ಕೊನೆಯದು ತಾಳೆ ಅಂಕಿ, ಅಂದರೆ ಉಳಿದ ಹತ್ತು ಅಂಕಿಗಳು ಸರಿಯಿವೆಯೇ ಎಂದು ಪರೀಕ್ಷಿಸುವ ಅಂಕಿ. ಉದಾಹರಣೆಗೆ 22 15 09 0417 ಎಂದಿಟ್ಟುಕೊಳ್ಳಿ. ಎರಡು, ನಾಲ್ಕು, ಆರು, ಎಂಟು, ಹತ್ತನೆಯ ಸ್ಥಾನದ ಅಂಕಿಗಳ ಮೊತ್ತ 27, ಅದರ ಮೂರು ಪಟ್ಟು 81, ಉಳಿದವುಗಳ ಮೊತ್ತ 4, ಒಟ್ಟು 85. ಮುಂದಿನ ಹತ್ತರ ಗುಣಕ 90ಕ್ಕೆ ಬೇಕಾದದ್ದು 5, ಅದೇ ಹನ್ನೊಂದನೆಯ ಅಂಕಿ. ಆರು ವ್ಯಾಗನ್‌ಗಳಿಗೂ ಬೇರೆ ಬೇರೆ ವರ್ಷ ಕೊಡಿ, ಹಳೆಯ ವರ್ಷದವುಗಳಿಗೆ ಧೂಳು ಮತ್ತು ತುಕ್ಕಿನ ಕಲೆಯನ್ನು ಹೆಚ್ಚಾಗಿ ಹಾಕಿ.

ತೂಕ ನೋಡಿದ ಮೇಲೆ ಆರೂ ವ್ಯಾಗನ್‌ಗಳ ಗ್ರಾಂ ಲೆಕ್ಕವನ್ನು ಮತ್ತು ಹೆಚ್ಚು ತೊಂದರೆ ಕೊಡುವ ಸಂದಿಯ ಚಿತ್ರವನ್ನು ಹಳಿಯ ಮಟ್ಟದಿಂದ ತೆಗೆದು ಇಲ್ಲಿ ಹಾಕಿ. ಆ ಚಿತ್ರ ಕಂಡರೆ ದೋಷ ಹಳಿಯದೋ ಹಲಗೆಯದೋ ಎಂಬುದನ್ನು ಹೇಳಬಲ್ಲೆ.