ರೈಲ್ವೆ ಕೇಂದ್ರದ್ದಾದರೆ ನಮ್ಮ ಗೇಟಿನ ಮೇಲ್ಸೇತುವೆಗೆ ಡಿಸಿ ಕಚೇರಿಗೆ ಯಾಕೆ ಅಲೀಬೇಕು?

ಹಳಿ ಕೇಂದ್ರದ್ದು, ಅದನ್ನು ದಾಟುವ ರಸ್ತೆ ರಾಜ್ಯದ್ದು. ಬ್ಯಾಡಗಿ ಹತ್ತಿರದ ನಿಮ್ಮ ಗೇಟಿನ ಅರ್ಜಿ ಎರಡು ಕಚೇರಿಗಳ ನಡುವೆ ಓಡಾಡುತ್ತಿರುವುದು ಅದಕ್ಕೇ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರೈಲ್ವೆ ಕೇಂದ್ರ ಪಟ್ಟಿಯ 22ನೇ ನಮೂದು. ರಸ್ತೆ, ಸೇತುವೆ ರಾಜ್ಯ ಪಟ್ಟಿಯ 13ನೇದು.

ಮೊದಲು ವಿಳಾಸ ಸರಿಮಾಡಿಕೊಳ್ಳಿ. ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಹುಬ್ಬಳ್ಳಿಯಲ್ಲಿದ್ದರೂ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೈಸೂರು ವಿಭಾಗಕ್ಕೆ ಸೇರುತ್ತವೆ. ಆದ್ದರಿಂದ ಅರ್ಜಿಯ ಒಂದು ಪ್ರತಿ ಮೈಸೂರಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ (ಡಿಆರ್‌ಎಂ), ಇನ್ನೊಂದು ಆ ರಸ್ತೆ ಯಾರ ಸುಪರ್ದಿಯಲ್ಲಿದೆಯೋ ಅವರಿಗೆ: ಲೋಕೋಪಯೋಗಿ ಇಲಾಖೆ, ಪಂಚಾಯತಿ ಅಥವಾ ಪುರಸಭೆ.

ಗೇಟಿನ ಹಣೆಬರಹ ಬರೆಯುವುದು ಟಿವಿಯು (ಟ್ರೇನ್ ವೆಹಿಕಲ್ ಯೂನಿಟ್) ಲೆಕ್ಕ, ಅಂದರೆ ಗೇಟಿನಲ್ಲಿ ರೈಲು, ವಾಹನ ಎಷ್ಟು ಓಡಾಡುತ್ತವೆ ಎಂಬ ಅಳತೆ. 24 ಗಂಟೆಯಲ್ಲಿ ಓಡುವ ರೈಲುಗಳನ್ನು ರಸ್ತೆ ವಾಹನಗಳ ಯೂನಿಟ್‌ನಿಂದ ಗುಣಿಸುತ್ತಾರೆ. ಲಾರಿ, ಕಾರು, ಚಕ್ಕಡಿ ತಲಾ ಒಂದು ಯೂನಿಟ್, ಆಟೊ ಅರ್ಧ. ರೈಲ್ವೆ ಮತ್ತು ರಾಜ್ಯ ಖರ್ಚು ಹಂಚಿಕೊಂಡು ಕಟ್ಟುವ ಮೇಲ್ಸೇತುವೆಗೆ ರೂಢಿಯಲ್ಲಿರುವ ಗಡಿ 1 ಲಕ್ಷ. ಅಂದರೆ 40 ರೈಲು ಓಡುವ ಗೇಟಿನಲ್ಲಿ ದಿನಕ್ಕೆ 2,500 ಯೂನಿಟ್ ದಾಟಬೇಕು. ಏಳು ದಿನ ಎಣಿಸಿ ಸರಾಸರಿ ತೆಗೆಯುತ್ತಾರೆ. ಮೆಣಸಿನಕಾಯಿ ಆವಕವಿಲ್ಲದ ಮಳೆಗಾಲದಲ್ಲಿ ಎಣಿಸಿದರೆ ಅಂಕಿ ಬೀಳುತ್ತದೆ. ಜನವರಿಯಿಂದ ಮಾರ್ಚ್ ನಡುವೆ, ಲೋಕೋಪಯೋಗಿಯವರನ್ನೂ ಸೇರಿಸಿಕೊಂಡು ಎಣಿಸಿ ಎಂದು ಅರ್ಜಿಯಲ್ಲೇ ಬರೆಯಿರಿ.

ಗಡಿ ದಾಟಿದರೆ ಸಾಮಾನ್ಯವಾಗಿ ಖರ್ಚು ಅರ್ಧರ್ಧ. ಕೆಲವೊಮ್ಮೆ ರೈಲ್ವೆಯೇ ಪೂರ್ತಿ ಭರಿಸುವುದೂ ಉಂಟು. ಹಳೆಯ ಪದ್ಧತಿಯಂತೆ ಹಳಿಯ ಮೇಲಿನ ಭಾಗ ಕಟ್ಟುವ ಕೆಲಸ ರೈಲ್ವೆಯದು, ಎರಡೂ ಬದಿಯ ಏರು ರಸ್ತೆಯ ಕೆಲಸ ರಾಜ್ಯದ್ದು. ಕೆಲಸ ನಿಲ್ಲುವುದು ಹೆಚ್ಚಾಗಿ ಆ ಏರು ರಸ್ತೆಯಲ್ಲೇ, ಯಾಕೆಂದರೆ ಅಲ್ಲಿ ಹೊಲ, ಮನೆ, ಪರಿಹಾರದ ಪ್ರಶ್ನೆ ಬರುತ್ತದೆ. ಶಾಸಕರ ಬಳಿ ಬರೀ ‘ಸೇತುವೆ ಮಾಡಿಸಿ’ ಅನ್ನಬೇಡಿ. ರಾಜ್ಯದ ಪಾಲಿಗೆ ಒಪ್ಪಿಗೆ ಪತ್ರ ಹೋಗಿದೆಯೇ, ಭೂಸ್ವಾಧೀನಕ್ಕೆ ಹಣ ಇಟ್ಟಿದ್ದಾರೆಯೇ ಎಂದು ಕೇಳಿ.

ಗಡಿ ಮುಟ್ಟದಿದ್ದರೆ ಕೆಳಸೇತುವೆ ಕಟ್ಟಿ ಗೇಟು ಮುಚ್ಚುವ ಪ್ರಸ್ತಾವ ಬರುತ್ತದೆ. ಇಲ್ಲಿ ಹುಷಾರಾಗಿರಿ. ಮುಚ್ಚಲು ಜಿಲ್ಲಾಡಳಿತದ ಒಪ್ಪಿಗೆ ಬೇಕು; ಊರಿನವರ ಕೈಯಲ್ಲಿರುವ ಹಿಡಿತ ಅದೊಂದೇ. ಮಳೆನೀರು ಯಾವ ಹಳ್ಳಕ್ಕೆ ಹರಿಯುತ್ತದೆ, ರೈಲ್ವೆ ಹದ್ದಿನಾಚೆಯ ಚರಂಡಿ ಯಾರು ತೋಡುತ್ತಾರೆ, ಪಂಪಿನ ಕರೆಂಟ್ ಬಿಲ್ ಯಾರದು, ಕಣಿಕೆ ಹೇರಿದ ಟ್ರ್ಯಾಕ್ಟರ್ ಮತ್ತು ಕಟಾವು ಯಂತ್ರ ತೂರುವಷ್ಟು ಎತ್ತರ ಇದೆಯೇ, ಇವಿಷ್ಟನ್ನೂ ಗ್ರಾಮ ಪಂಚಾಯತಿ ಠರಾವಿನಲ್ಲಿ ಬರೆಸಿ, ಒಪ್ಪಿಗೆ ಪತ್ರ ಹೊರಡುವ ಮೊದಲೇ ಡಿಸಿ ಕಚೇರಿಗೆ ತಲುಪಿಸಿ, ಸ್ವೀಕೃತಿ ತೆಗೆದುಕೊಳ್ಳಿ.